ವಿಚಿತ್ರ ಪ್ರಾಣಿಗಳ ರಬ್ಬರ್ ಸೆಟ್: ಮೂಗು ಸರಿಯಿದೆ, ಬೆರಳು ತಪ್ಪಿದೆ

ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಅಂತ ಆನ್‌ಲೈನಲ್ಲಿ ತರಿಸಿದ ಸೆಟ್ ಇದು. ಡಬ್ಬದೊಳಗೆ 12 ರಬ್ಬರ್ ಗೊಂಬೆಗಳು, ಒಂದೊಂದಕ್ಕೂ ಒಂದು ಕಾರ್ಡು. ಅವಳಿಗೆ ಎಂಟು ವರ್ಷ. ನಿಜ ಹೇಳಬೇಕೆಂದರೆ ಅವಳಿಗಿಂತ ಜಾಸ್ತಿ ನಾನೇ ಇದನ್ನು ಹಿಡಿದುಕೊಂಡು ಕೂತಿದ್ದೇನೆ, ಹಾಗಾಗಿ ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಆನೆ, ಹುಲಿ ಗೊಂಬೆಯಲ್ಲಿ ಚೂರು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಈ ಪ್ರಾಣಿಗಳಲ್ಲಿ ಹಾಗಲ್ಲ. ನೋಡಿ ನಗು ಬರುವ ಅಂಗ ಯಾವುದಿದೆಯೋ, ಬಹಳ ಸಲ ಅದೇ ಆ ಪ್ರಾಣಿಯ ಹೊಟ್ಟೆ ತುಂಬಿಸುವುದು. ಅದನ್ನೇ ತಪ್ಪು ಮಾಡಿದರೆ ಇನ್ನೇನು ಉಳಿಯಿತು?

ಮೊದಲು ಒಳ್ಳೆಯದು. ಉತ್ತರ ಅಮೆರಿಕದ ಜೌಗು ನೆಲದಲ್ಲಿ ಬಿಲ ತೋಡಿಕೊಂಡಿರುವ, ನಕ್ಷತ್ರ ಮೂಗಿನ ಮೋಲ್ ಅನ್ನುವ ಇಲಿಯಂಥ ಪುಟ್ಟ ಪ್ರಾಣಿ ಇದೆಯಲ್ಲ, ಅದರ ಗೊಂಬೆ ಮಾಡಿದವರಿಗೆ ಕೈಮುಗಿಯಬೇಕು. ಮೂಗಿನ ಸುತ್ತ ಎಸಳಿನ ಹಾಗೆ ಬೆರಳುಗಳಿವೆ. ನಾವಿಬ್ಬರೂ ಪಿನ್ನಿನ ತುದಿ ಇಟ್ಟು ಎಣಿಸಿದೆವು. ಆ ಕಡೆ 11, ಈ ಕಡೆ 11, ಒಟ್ಟು 22. ಲೆಕ್ಕ ಸರಿ! ಕೆಳಗೆ ನಡುವಿನಲ್ಲಿ ಒಂದು ಗಿಡ್ಡ ಜೋಡಿ ಇರುತ್ತದೆ, ಅದನ್ನೂ ಬಿಟ್ಟಿಲ್ಲ. ನಿಜವಾದ ಮೋಲ್‌ಗೆ ಕಣ್ಣು ಇದ್ದರೂ ಇಲ್ಲದ ಹಾಗೆ. ಕತ್ತಲಲ್ಲಿ ಮೂಗಿನಿಂದಲೇ ತಡವುತ್ತಾ ಹೋಗಿ, ಏನಾದರೂ ತಗುಲಿದರೆ ಆ ಗಿಡ್ಡ ಜೋಡಿಯನ್ನು ತಾಗಿಸಿ ಅದು ತಿನ್ನುವಂಥದ್ದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಇಡೀ ಮೂಗು ಸುಮಾರು 1 ಸೆಂಟಿಮೀಟರ್ ಅಗಲ, ಅಷ್ಟರಲ್ಲೇ 25,000ಕ್ಕೂ ಜಾಸ್ತಿ ಸ್ಪರ್ಶದ ಗುಬುಟುಗಳು. ಕಾರ್ಡಿನಲ್ಲೂ ಇದನ್ನು ಚೆನ್ನಾಗಿ ಬರೆದಿದ್ದಾರೆ.

ಇದೇ ಜನ ಆಯ್-ಆಯ್ ಮಾಡುವಾಗ ಎಲ್ಲಿ ಹೋಗಿದ್ದರೋ ಗೊತ್ತಿಲ್ಲ. ಮಡಗಾಸ್ಕರಿನ ಈ ಲೀಮರ್‌ನ (ಕೋತಿಗಳ ದೂರದ ನೆಂಟ) ಇಡೀ ಬದುಕು ನಿಂತಿರುವುದೇ ಕೈಯ ನಡುಬೆರಳ ಮೇಲೆ. ತಂತಿಯಷ್ಟು ಸಣ್ಣ ಬೆರಳು ಅದು. ರಾತ್ರಿ ಮರದ ಕೊಂಬೆಯನ್ನು ಅದರಿಂದ ಟಕಟಕ ಅಂತ ಬಡಿದು, ಒಳಗೆ ಟೊಳ್ಳಿದೆಯೇ ಅಂತ ಕಿವಿಗೊಟ್ಟು ಕೇಳಿ, ಹಲ್ಲಿನಿಂದ ತೂತು ಕೊರೆದು, ಅದೇ ಬೆರಳು ತೂರಿಸಿ ಹುಳು ಎಳೆದುಕೊಳ್ಳುತ್ತದೆ. ಗೊಂಬೆಯಲ್ಲಿ ಎಲ್ಲಾ ಬೆರಳೂ ಒಂದೇ ದಪ್ಪ! ಕಾರ್ಡಿನಲ್ಲಿ ಬೆರಳಿನ ಸುದ್ದಿಯೇ ಇಲ್ಲ, ಬರೀ 'ಭೂತದ ಕಣ್ಣು' ಅಂತ ಇದೆ. ಮಡಗಾಸ್ಕರಿನ ಕೆಲವು ಕಡೆ ಇದನ್ನು ಅಪಶಕುನ ಅಂತ ಕಂಡಲ್ಲೇ ಕೊಲ್ಲುತ್ತಾರೆ. ಮಕ್ಕಳ ಕಾರ್ಡಿನಲ್ಲೂ ಅದನ್ನೇ ಬರೆಯಬೇಕಿತ್ತಾ?

ಬ್ಲಾಬ್‌ಫಿಶ್ ನೋಡಿ ಇನ್ನೂ ಬೇಜಾರಾಯಿತು. ಜೋಲು ಮೂಗು, ಸಪ್ಪೆ ಮುಖ, ಕರಗಿದ ಮೇಣದ ಹಾಗೆ ಕೂತಿದೆ. ಅದು ಆ ಮೀನಿನ ಮುಖವೇ ಅಲ್ಲ. 600 ಮೀಟರ್‌ಗಿಂತ ಆಳದಲ್ಲಿರುವ ಮೀನು ಅದು, ಅಲ್ಲಿ ನೀರಿನ ಒತ್ತಡ ಮೇಲಿನದಕ್ಕಿಂತ 60 ಪಟ್ಟು ದಾಟುತ್ತದೆ. ಮೈ ಲೋಳೆಯಂತಿದೆ, ಮೂಳೆ ಮೆತ್ತಗೆ. ಆ ಒತ್ತಡದಲ್ಲಿದ್ದಾಗ ತಲೆ ಚೂರು ದಪ್ಪ ಇರುವ ಸಾಧಾರಣ ಮೀನಿನ ಹಾಗೇ ಕಾಣುತ್ತದೆ. ಬಲೆಗೆ ಸಿಕ್ಕು ಮೇಲೆ ಬಂದಾಗ ಮೈಯೆಲ್ಲ ಜೋತುಬೀಳುತ್ತದೆ. 2003ರಲ್ಲಿ ನ್ಯೂಜಿಲೆಂಡ್ ಕಡೆಯ ಸಮುದ್ರದಲ್ಲಿ ಹಡಗಿನ ಮೇಲೆ ತೆಗೆದ ಅಂಥದ್ದೊಂದು ಫೋಟೋ ಊರೆಲ್ಲ ಹಬ್ಬಿತು. 2013ರಲ್ಲಿ ವೋಟು ಹಾಕಿಸಿ 'ಅತಿ ಕುರೂಪಿ ಪ್ರಾಣಿ' ಅಂತ ಪಟ್ಟವನ್ನೂ ಕೊಟ್ಟರು. ಹೆಣದ ಫೋಟೋ ನೋಡಿ ಗೊಂಬೆ ಮಾಡಿದ್ದಾರೆ, ಅಷ್ಟೇ. ಈ ಕಥೆಯನ್ನು ಕಾರ್ಡಿನಲ್ಲಿ ಎರಡು ಸಾಲು ಬರೆದಿದ್ದರೂ ನಾನು ಸುಮ್ನೆ ಇರುತ್ತಿದ್ದೆ.

ಆಸ್ಟ್ರೇಲಿಯದ ಕೊಕ್ಕಿನ ಪ್ರಾಣಿ ಪ್ಲಾಟಿಪಸ್ ಪರವಾಗಿಲ್ಲ. ಕೊಕ್ಕಿಗೆ ಮೆತ್ತಗಿನ ರಬ್ಬರ್ ಹಾಕಿದ್ದಾರೆ, ನಿಜವಾದದ್ದೂ ಬಾತುಕೋಳಿಯ ಹಾಗೆ ಗಟ್ಟಿ ಇರುವುದಿಲ್ಲ. ಹಿಂಗಾಲಿನ ವಿಷದ ಮುಳ್ಳೂ ಇದೆ, ಅಂದರೆ ಇದು ಗಂಡು. 1799ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಅವರಿಗೇ, ಯಾರೋ ತಮಾಷೆಗೆ ಕೊಕ್ಕು ಹೊಲಿದು ಕಳಿಸಿರಬಹುದು ಅಂತ ಅನುಮಾನ ಬಂದಿತ್ತಂತೆ. ಶೂಬಿಲ್ ಕೊಕ್ಕರೆಯ ಬಣ್ಣ ಚೆನ್ನಾಗಿದೆ, ಆದರೆ ಕೊಕ್ಕಿನ ಭಾರಕ್ಕೆ ಮುಗ್ಗರಿಸುತ್ತದೆ. ಆಫ್ರಿಕದ ಜೌಗಿನಲ್ಲಿ ಮೀನಿಗಾಗಿ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಹಕ್ಕಿ, ನಮ್ಮ ಮೇಜಿನ ಮೇಲೆ ಒಂದು ನಿಮಿಷ ನಿಲ್ಲುವುದಿಲ್ಲ.

ಸೈಗಾ ಜಿಂಕೆಯ ಜೋತುಬಿದ್ದ ಮೂಗು ಅಚ್ಚುಕಟ್ಟಾಗಿದೆ, ಧೂಳು ಸೋಸುವುದಕ್ಕೆ, ಚಳಿಗಾಳಿ ಬೆಚ್ಚಗೆ ಮಾಡುವುದಕ್ಕೆ ಆ ಮೂಗು ಅಂತಲೂ ಕಾರ್ಡಿನಲ್ಲಿದೆ. ಆದರೆ ಮಾಹಿತಿ ಹಳೆಯದು. 'ಅಳಿವಿನ ಅಂಚಿನಲ್ಲಿದೆ' ಅಂತ ಬರೆದಿದ್ದಾರೆ. 2015ರಲ್ಲಿ ಕಜಕಸ್ತಾನದಲ್ಲಿ ಕೆಲವೇ ವಾರಗಳಲ್ಲಿ 2 ಲಕ್ಷ ಸೈಗಾ ಬ್ಯಾಕ್ಟೀರಿಯಾ ರೋಗಕ್ಕೆ ಸತ್ತಿದ್ದು ನಿಜ. ಆಮೇಲೆ ಸಂಖ್ಯೆ ಜೋರಾಗಿ ಏರಿ, 2023ರ ಕೊನೆಗೆ ಅದನ್ನು ಆ ಪಟ್ಟಿಯಿಂದ ಕೆಳಗಿಳಿಸಿದರು. ಖುಷಿಯ ಸುದ್ದಿ ಅಪರೂಪಕ್ಕೆ ಬರುತ್ತದೆ, ಅದನ್ನೇ ಬಿಟ್ಟುಬಿಟ್ಟಿದ್ದಾರೆ.

ಉಳಿದವುಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ಒಂದು ಮಾತು: ಎಲ್ಲಾ ಗೊಂಬೆಗಳೂ ಒಂದೇ ಅಳತೆ. ಅಂಗೈಯಲ್ಲಿ ಹಿಡಿಯುವ ಮೋಲೂ ಕುರಿಯಷ್ಟಿರುವ ಸೈಗಾವೂ ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗಿವೆ. ಕಾರ್ಡಿನಲ್ಲಿ ಉದ್ದ ಎಷ್ಟು, ತೂಕ ಎಷ್ಟು ಅಂತಲೂ ಹಾಕಿಲ್ಲ.

ಆಮೇಲೆ ಬಾಳಿಕೆ. ನೀರಿನಲ್ಲೇ ಬದುಕುವ, ಕಪ್ಪೆಯ ದೂರದ ನೆಂಟ ಆಕ್ಸೊಲಾಟಲ್‌ನ ಮುಂಗಾಲು ನಾಲ್ಕನೇ ದಿನಕ್ಕೇ ಕಿತ್ತುಬಂತು. ಗುಲಾಬಿ ಬಣ್ಣದ ಗೊಂಬೆ. ಮೆಕ್ಸಿಕೊದ ಶೊಚಿಮಿಲ್ಕೊ ಕಾಲುವೆಗಳಲ್ಲಿ ಉಳಿದಿರುವ ಕಾಡು ಆಕ್ಸೊಲಾಟಲ್‌ಗಳು ಸಾಮಾನ್ಯವಾಗಿ ಕಂದುಗಪ್ಪು, ಗುಲಾಬಿಯವು ತೊಟ್ಟಿಯಲ್ಲಿ ಸಾಕಿದವು. ಅದಿರಲಿ. ಮಾರಿದವರಿಗೆ ಫೋಟೋ ಕಳಿಸಿದೆ, ಬೇರೆ ಕಳಿಸುತ್ತೇವೆ ಅಂದರು, ಇವತ್ತಿನವರೆಗೂ ಬಂದಿಲ್ಲ. ನಾನು ಅಂಟು ಹಚ್ಚಲು ಹೋದರೆ ಅವಳು ಬಿಡಲಿಲ್ಲ. "ಮಾಮಾ, ಕಾಲು ಹೋದರೆ ಮತ್ತೆ ಬೆಳೆಯುತ್ತೆ ಅಂತ ಕಾರ್ಡಲ್ಲೇ ಬರೆದಿದೆ, ನೋಡು" ಅಂದಳು. ಬರೆದದ್ದು ಸರಿಯೇ ಇದೆ, ಏನು ಹೇಳಲಿ. ಈಗ ಅದು ಒಂದು ಬಟ್ಟಲು ನೀರಿನಲ್ಲಿದೆ, ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆಯುತ್ತಿದ್ದಾಳೆ.

ಐದಕ್ಕೆ ಮೂರು ಸ್ಟಾರ್. ಒಂದು ಪೂರ್ತಿ ಸ್ಟಾರ್ ಆ ಮೋಲ್‌ನ ಮೂಗಿಗೆ.