ಜೋಳ ಹಸನು ಮಾಡಿಕೊಳ್ಳೋ ಕೆಲಸ ಓದುವವರದೇ: ಎಓ3 ದೀರ್ಘ ಬಳಕೆಯ ವಿಮರ್ಶೆ

ಆರ್ಕೈವ್ ಆಫ್ ಅವರ್ ಓನ್, ಅಂದರೆ ಎಓ3, ನೋಡಿದ ಹುಬ್ಬಳ್ಳಿ-ಧಾರವಾಡದ ಹೊಸ ಓದುಗರ ಮೊದಲ ಮಾತು ಒಂದೇ: "ಇಲ್ಲಿ ಕಸಾನ ಭಾಳ ಐತಲ್ರಿ." ಖರೆ ಐತಿ. 2009ರಲ್ಲಿ ಎಲ್ಲರಿಗೂ ತೆರೆದ ಈ ಫ್ಯಾನ್ ಫಿಕ್ಷನ್ (ಮೆಚ್ಚಿದ ಕೃತಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಕಥೆ) ಜಾಲತಾಣ ಭಂಡಾರದಲ್ಲಿ ಈಗ ಒಂದು ಕೋಟಿಗೂ ಮೀರಿ ಕೃತಿಗಳಿವೆ. ಒಂದನ್ನಾದರೂ ಸಂಪಾದಕರು ಓದಿ ಪಾಸು ಮಾಡಿ ಒಳಗೆ ಬಿಟ್ಟದ್ದಲ್ಲ. ರಾಮಾಯಣ ಬರೆದವರ ಭಾರಕ್ಕೇ ಆದಿಶೇಷ ತಿಣುಕಿದ ಎಂದು ಗದುಗಿನ ಕವಿ ಹೇಳಿದ್ದ. ಇಲ್ಲಿ ಆ ಕವಿಯ ಪ್ರೀತಿಯ ಮಹಾಭಾರತದ ಕಥೆಗಳೇ ಪುಟಗಟ್ಟಲೆ ಸಿಗುತ್ತವೆ, ಹೆಚ್ಚಿನವು ಇಂಗ್ಲಿಷಿನಲ್ಲಿ.

ಕಥೆ ಚಲೋ ಇರಬೇಕೆಂಬ ಷರತ್ತು ಇಲ್ಲಿಲ್ಲ. ಚೀಟಿ, ಅಂದರೆ ಟ್ಯಾಗ್, ಸರಿಯಾಗಿ ಅಂಟಿಸಬೇಕೆಂಬ ಷರತ್ತು ಮಾತ್ರ ಇದೆ. ಶೀರ್ಷಿಕೆ, ಫ್ಯಾಂಡಮ್ (ಕಥೆ ಯಾವ ಮೂಲ ಕೃತಿಯದು), ಭಾಷೆ, ರೇಟಿಂಗ್, ಎಚ್ಚರಿಕೆ ಇಷ್ಟು ತುಂಬದೆ ಕಥೆ ಪ್ರಕಟವಾಗುವುದಿಲ್ಲ. ಪಾತ್ರ, ಸಂಬಂಧ, ಇತರ ಟ್ಯಾಗ್ ಲೇಖಕರ ಇಷ್ಟ, ಆದರೆ ಫ್ಯಾಂಡಮ್ ಸೇರಿ ಒಟ್ಟು 75 ದಾಟುವಂತಿಲ್ಲ. ಚೀಟಿ ಓದಲು ಬಂದರೆ ಅರ್ಧ ಕಸ ಅಲ್ಲೇ ಹಾರಿಹೋಗುತ್ತದೆ.

ಚೀಟಿ ಓದುವಲ್ಲೇ ಬಹಳ ಮಂದಿ ಎಡವುತ್ತಾರೆ. 'ಕ್ರಿಯೇಟರ್ ಚೋಸ್ ನಾಟ್ ಟು ಯೂಸ್ ಆರ್ಕೈವ್ ವಾರ್ನಿಂಗ್ಸ್' ಎಂದಿದ್ದರೆ ಕಥೆಯಲ್ಲಿ ಆಘಾತದ್ದೇನೂ ಇಲ್ಲ ಎಂದಲ್ಲ, ಲೇಖಕರು ಹೇಳಲು ಒಲ್ಲೆ ಅಂದಿದ್ದಾರೆ ಅಷ್ಟೆ. ಒಳಗೆ ಏನೂ ಇರಬಹುದು. 'ನಾಟ್ ರೇಟೆಡ್' ಕೂಡ ಹಾಗೇ: ಮಕ್ಕಳ ಕಥೆಯೂ ಆಗಬಹುದು, ಪೂರಾ ವಯಸ್ಕರದ್ದೂ ಆಗಬಹುದು. ಮನೆಯ ಹುಡುಗರ ಕೈಗೆ ಕೊಡುವ ಮುಂಚೆ ಇವೆರಡನ್ನೂ ಫಿಲ್ಟರಿನ ಎಕ್ಸ್‌ಕ್ಲೂಡ್‌ಗೆ (ಬೇಡದವುಗಳ ಪಟ್ಟಿಗೆ) ಹಾಕಿ.

ಹಸನು ಮಾಡುವ ಕ್ರಮಕ್ಕೆ ಕರ್ಣನನ್ನೇ ತಗೊಳ್ಳಿ. ಹುಡುಕುವ ಡಬ್ಬಿಯಲ್ಲಿ ಬರೀ ಹೆಸರು ಹೊಡೆದರೆ ಎಲ್ಲಿಯದೋ ಎಲ್ಲ ಬರುತ್ತದೆ. ಮಹಾಭಾರತದ ಫ್ಯಾಂಡಮ್ ಪುಟಕ್ಕೆ ಹೋಗಿ, ಫಿಲ್ಟರ್ ತೆರೆದು, ಪಾತ್ರದ ಟ್ಯಾಗನ್ನು ಇನ್‌ಕ್ಲೂಡ್ ಮಾಡಿ. ಕರ್ಣ, ರಾಧೇಯ ಎಂದು ಯಾರು ಹೇಗೆ ಬರೆದಿದ್ದರೂ ಟ್ಯಾಗ್ ರ‍್ಯಾಂಗ್ಲರ್ ಎಂಬ ಸ್ವಯಂಸೇವಕರು ಅವನ್ನು ಒಂದೇ ಟ್ಯಾಗಿಗೆ ಗಂಟು ಹಾಕುತ್ತಾರೆ. ಎಓ3ಯ ನಿಜವಾದ ಬಂಡವಾಳ ಈ ಗಂಟೇ. ಆಮೇಲೆ 'ಕಂಪ್ಲೀಟ್' ಮಾತ್ರ ಇಟ್ಟುಕೊಳ್ಳಿ, ಕ್ರಾಸ್‌ಓವರ್ (ಬೇರೆ ಬೇರೆ ಕೃತಿಗಳ ಪಾತ್ರ ಬೆರೆತ ಕಥೆ) ತೆಗೆಯಿರಿ, ಪದಗಳ ಮಿತಿ ಕೊಡಿ.

ಕುಡೋಸ್ (ಓದುಗರು ಒತ್ತುವ ಮೆಚ್ಚುಗೆ) ಲೆಕ್ಕ ನಂಬಿ ಕೂಡಬೇಡಿ. ಒಬ್ಬರಿಗೆ ಒಂದು ಕೃತಿಗೆ ಒಂದೇ ಕುಡೋಸ್, ವಾಪಸ್ ಪಡೆಯಲು ಬರುವುದಿಲ್ಲ. ಹೀಗಾಗಿ ಹಳೆಯ ಕಥೆ ಸದಾ ಮೇಲೆ. ಹಿಟ್ಸ್‌ಗೆ (ಕಥೆ ಎಷ್ಟು ಸಲ ತೆರೆದರು) ಕುಡೋಸ್ ಎಷ್ಟು ಎಂದು ಭಾಗಿಸಿ ನೋಡುವವರೂ ಇದ್ದಾರೆ. ಅದು ಒಂದೇ ಅಧ್ಯಾಯದ ಕಥೆಗಳಿಗೆ ಸರಿ. ಧಾರಾವಾಹಿಗೆ ಓದುಗ ಹೊಸ ಅಧ್ಯಾಯಕ್ಕೆ ಮರಳಿದಾಗ ಹಿಟ್ಸ್ ಏರುತ್ತದೆ, ಕುಡೋಸ್ ಏರುವುದಿಲ್ಲ. ಚಲೋ ಧಾರಾವಾಹಿಯೇ ಲೆಕ್ಕದಲ್ಲಿ ಸೋಲುತ್ತದೆ. ನಮ್ಮ ಅನುಭವದಲ್ಲಿ ಬುಕ್‌ಮಾರ್ಕ್ ಹೆಚ್ಚು ಕೆಲಸಕ್ಕೆ ಬರುತ್ತದೆ: 'ರೆಕ್' (ಶಿಫಾರಸು) ಗುರುತಿಟ್ಟು ಎರಡು ಸಾಲು ಕಾರಣ ಬರೆದವರನ್ನು ಹಿಡಿದು, ಅವರ ಉಳಿದ ಬುಕ್‌ಮಾರ್ಕ್ ನೋಡಿ.

ಕನ್ನಡದಲ್ಲಿ ಬರೆಯುವವರ ಕಷ್ಟ ಬೇರೆ. ಪದಗಳ ಮಿತಿ ಇಂಗ್ಲಿಷ್ ಅಳತೆಗೆ ಒಗ್ಗಿದವರದು. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಡುವ "ಬರಬೇಕಾಗಿತ್ತಲ್ಲ" ಇಲ್ಲಿ ಒಂದೇ ಪದ. ಅಷ್ಟೇ ಉದ್ದದ ಕನ್ನಡ ಕಥೆ ಓದುಗರ ಸಾವಿರ ಪದದ ಮಿತಿಯ ಕೆಳಗೆ ಜಾರಿ ಕಣ್ಮರೆಯಾಗುತ್ತದೆ. ಅದಕ್ಕೇ ಕನ್ನಡ ಕಥೆ ಹುಡುಕುವಾಗ ಪದದ ಮಿತಿ ಹಾಕಲೇಬೇಡಿ. ಟ್ಯಾಗ್ ಹಾಕುವಾಗ ಮೊದಲು ತಾನಾಗಿ ಇಳಿಯುವ ಪಟ್ಟಿಯಿಂದ ಆರಿಸಿ, ಆಮೇಲೆ ಕನ್ನಡ ಲಿಪಿಯದನ್ನು ಸೇರಿಸಿ. ಬರೀ ಕನ್ನಡದಲ್ಲಿ ಹಾಕಿದರೆ, ಗಂಟು ಬೀಳುವ ತನಕ ಫಿಲ್ಟರಿನಲ್ಲಿ ಸಿಗುವುದಿಲ್ಲ. ಡ್ರಾಫ್ಟನ್ನು ಅಲ್ಲೇ ಬಿಟ್ಟರೆ ಸುಮಾರು ಒಂದು ತಿಂಗಳಿಗೆ ಅಳಿಸಿಹೋಗುತ್ತದೆ. ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ.

ಬಾಗಿಲು ತೆರೆದೇ ಇಟ್ಟು ಗುಣಮಟ್ಟ ಕಾಯುವ ದಾರಿಯೂ ಒಳಗೇ ಇದೆ, ಬಳಸುವವರು ಕಡಿಮೆ: ಕಲೆಕ್ಷನ್, ಅಂದರೆ ಕಥೆಗಳನ್ನು ಒಟ್ಟುಗೂಡಿಸಿದ ಗುಂಪು. ಅದನ್ನು 'ಮಾಡರೇಟೆಡ್' ಮಾಡಿದರೆ ಪ್ರತಿ ಕಥೆಗೂ ನಡೆಸುವವರ ಒಪ್ಪಿಗೆ ಬೇಕು, 'ಅನಾನಿಮಸ್' ಮಾಡಿದರೆ ಬರೆದವರ ಹೆಸರು ಮುಚ್ಚಿರುತ್ತದೆ. ಹೆಸರು ನೋಡಿ ಶಹಬ್ಬಾಸ್ ಅನ್ನುವ ಚಟ ಧಾರವಾಡಕ್ಕೂ ಹೊಸದಲ್ಲ, ಎರಡನ್ನೂ ಕೂಡಿಸಿ ಹಾಕಿದರೆ ಚಲೋ. ಬೇಡವಾದ ಕಥೆ ಕಲೆಕ್ಷನ್ನಿಗೆ ಸೇರುವುದಿಲ್ಲ, ಭಂಡಾರದಲ್ಲಿ ಹಾಗೇ ಉಳಿಯುತ್ತದೆ. ಯಾರ ಕಥೆಯನ್ನೂ ಅಳಿಸಿದಂತಾಗಲಿಲ್ಲ.

ತಕರಾರೂ ಇವೆ. ಯಂತ್ರ ಬರೆದ ಕಥೆಗೆ ನಿಷೇಧವಿಲ್ಲ, ಹಾಗೆಂದು ಟ್ಯಾಗ್ ಹಾಕಬೇಕೆಂಬ ಕಡ್ಡಾಯವೂ ಇಲ್ಲ. ಪ್ರಾಮಾಣಿಕರದು ಮಾತ್ರ ಫಿಲ್ಟರಿಗೆ ಸಿಗುತ್ತದೆ. ಬಹುತೇಕ ಕಥೆ ಓದಲು ಖಾತೆ ಬೇಡ, ಬರೆಯಲು ಬೇಕು, ಅದಕ್ಕೆ ಇಮೇಲ್ ಕೊಟ್ಟು ಆಹ್ವಾನದ ಪಾಳಿಯಲ್ಲಿ ನಿಲ್ಲಬೇಕು. ಅಧಿಕೃತ ಆ್ಯಪ್ ಇಲ್ಲ. ಆ್ಯಪ್ ಅಂಗಡಿಯಲ್ಲಿ ಕಾಣುವವು ಹೊರಗಿನವರದು, ಅವಕ್ಕೆ ಪಾಸ್‌ವರ್ಡ್ ಕೊಡಬೇಡಿ. ದೇಣಿಗೆಯಿಂದ ನಡೆಯುವ ತಾಣವಾದ್ದರಿಂದ ಜಾಹೀರಾತಿನ ಕಾಟವಿಲ್ಲ.

ಹುಬ್ಬಳ್ಳಿಯಲ್ಲಿ ರೈಲು ಹತ್ತುವ ಮುಂಚೆ ಕಥೆಯ ಪುಟದ 'ಡೌನ್‌ಲೋಡ್' ಒತ್ತಿ ಇಪಬ್ (ಇ-ಪುಸ್ತಕದ ಕಡತ) ಇಳಿಸಿಕೊಂಡರೆ ನಡುವೆ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ. ಆದರೆ ಹೊಸ ಅಧ್ಯಾಯ ಅದಕ್ಕೆ ತಾನಾಗಿ ಸೇರುವುದಿಲ್ಲ, ಪ್ರತಿ ಸಲ ಮತ್ತೆ ಇಳಿಸಿಕೊಳ್ಳಬೇಕು.