ತೆಂಗಿನೆಣ್ಣೆ ಪರೀಕ್ಷೆಗೆ ಆರ್ ಮತ್ತು ಪಿಎಲ್‌ಎಸ್ ಪ್ಯಾಕೇಜು: ವರ್ಷಗಟ್ಟಲೆ ಬಳಸಿದ ಮೇಲೆ

ಕಾಸರಗೋಡಿನ ಚಿಕ್ಕ ಲ್ಯಾಬೊಂದರಲ್ಲಿ ನನ್ನ ಕೆಲಸ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಮಿಲ್ಲುಗಳಿಂದ ತೆಂಗಿನೆಣ್ಣೆ ಸ್ಯಾಂಪಲ್ ಬರುತ್ತದೆ. ಲೆಕ್ಕಕ್ಕೆಲ್ಲ ಆರ್ (R) ಅನ್ನುವ ಅಂಕಿಅಂಶದ ತಂತ್ರಾಂಶ, ಅದರೊಳಗೆ ಪಿಎಲ್‌ಎಸ್ ಪ್ಯಾಕೇಜು. ಹತ್ತಾರು ಅಳತೆಗಳನ್ನು ಒಟ್ಟಿಗೆ ಹಿಡಿದು ಬೇಕಾದ ಒಂದು ಮೌಲ್ಯವನ್ನು ಅಂದಾಜು ಮಾಡುವುದು ಈ ಪ್ಯಾಕೇಜಿನ ಕೆಲಸ. ಎರಡೂ ಉಚಿತ. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಯಾಕೆ ಬೇಕು? ತೆಂಗಿನೆಣ್ಣೆಯ ಅಯೋಡಿನ್ ಮೌಲ್ಯ (ಅಪರ್ಯಾಪ್ತ ಕೊಬ್ಬು ಎಷ್ಟಿದೆ ಅನ್ನುವ ಅಳತೆ) 7.5ರಿಂದ 10ರೊಳಗೆ ಇರಬೇಕು ಅನ್ನುವುದು ನಮ್ಮ ಆಹಾರ ನಿಯಮ. 8 ಇರುವ ಒಳ್ಳೆ ಎಣ್ಣೆಗೆ, 18 ಇರುವ ಪಾಮ್ ಕರ್ನೆಲ್ (ತಾಳೆ ಬೀಜದ) ಎಣ್ಣೆಯನ್ನು ನೂರಕ್ಕೆ ಹತ್ತು ಪಾಲು ಬೆರೆಸಿದರು ಅಂದುಕೊಳ್ಳಿ. ಲೆಕ್ಕ ಹಾಕಿದರೆ 9. ಪಾಸ್ ಆಯಿತಲ್ವಾ? ಎಣ್ಣೆಯ ಮುಖ್ಯ ಕೊಬ್ಬಿನಾಮ್ಲವಾದ ಲಾರಿಕ್ ಆಮ್ಲ ನೋಡಿದರೂ ಸುಳಿವು ಸಿಗದು, ಎರಡು ಎಣ್ಣೆಯಲ್ಲೂ ಅದು ಸುಮಾರು ಅರ್ಧದಷ್ಟಿದೆ. ಆದರೆ ಉಳಿದ ಕೊಬ್ಬಿನಾಮ್ಲಗಳಲ್ಲಿ ಕ್ಯಾಪ್ರಿಲಿಕ್ ಕೊಂಚ ಇಳಿದಿರುತ್ತದೆ, ಓಲೀಕ್ ಕೊಂಚ ಏರಿರುತ್ತದೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಮಿತಿಯೊಳಗೇ. ಎಲ್ಲವನ್ನೂ ಒಟ್ಟಿಗೆ ಪಿಸಿಎಗೆ (ಹಲವು ಅಳತೆಗಳನ್ನು ಕೂಡಿಸಿ ಸ್ಯಾಂಪಲ್ಲುಗಳನ್ನು ಒಂದೇ ಚಿತ್ರದಲ್ಲಿ ಚುಕ್ಕಿಗಳಾಗಿ ತೋರಿಸುವ ಲೆಕ್ಕ) ಕೊಟ್ಟರೆ, ಎಷ್ಟೋ ಸಲ ಆ ಸ್ಯಾಂಪಲ್ ಗುಂಪು ಬಿಟ್ಟು ಆಚೆ ಹೋಗಿ ನಿಲ್ಲುತ್ತದೆ. ಈ ಒಂದು ಚಿತ್ರಕ್ಕಾಗಿಯೇ ನಾನು ಆರ್ ಬಿಟ್ಟಿಲ್ಲ.

ಒಂದು ಎಚ್ಚರ. ಪಿಸಿಎ ಆಗಲಿ ಪಿಎಲ್‌ಎಸ್ ಆಗಲಿ, ಸ್ಕೇಲ್ ಮಾಡು (ಎಲ್ಲ ಅಳತೆಗಳ ಏರಿಳಿತವನ್ನು ಒಂದೇ ಮಟ್ಟಕ್ಕೆ ತಾ) ಅಂತ ನಾವೇ ಹೇಳಬೇಕು, ತಾನಾಗಿ ಮಾಡುವುದಿಲ್ಲ. ಹೇಳದಿದ್ದರೆ ಲಾರಿಕ್‌ನ ದೊಡ್ಡ ಏರಿಳಿತ ಉಳಿದ ಸಣ್ಣ ಆಮ್ಲಗಳನ್ನು ನುಂಗಿಬಿಡುತ್ತದೆ. ಇನ್‌ಫ್ರಾರೆಡ್ ಸ್ಪೆಕ್ಟ್ರಮ್ (ಎಣ್ಣೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಸ್ಕ್ಯಾನ್) ಆದರೆ ಬೇರೆ ಮಾತು. ಅಲ್ಲಿ ಸ್ಕೇಲ್ ಮಾಡಿದರೆ ಏನೂ ಇಲ್ಲದ ಜಾಗದ ಗದ್ದಲವೇ ಜಾಸ್ತಿಯಾಗುತ್ತದೆ.

ನನ್ನ ನಿಜವಾದ ದೂರು ಕ್ರಾಸ್ ವ್ಯಾಲಿಡೇಶನ್ ಬಗ್ಗೆ. ಅಂದರೆ ಒಂದು ಪಾಲು ಬದಿಗಿಟ್ಟು, ಉಳಿದದ್ದರಿಂದ ಕಲಿತ ಮಾಡೆಲ್ ಅದನ್ನು ಸರಿಯಾಗಿ ಊಹಿಸುತ್ತದೆಯೇ ಅಂತ ನೋಡುವುದು. ನಾವು ಒಂದೇ ಬಾಟಲಿಯ ಎಣ್ಣೆಯನ್ನು ಮೂರು ಸಲ ಸ್ಕ್ಯಾನ್ ಮಾಡುತ್ತೇವೆ. ಪ್ಯಾಕೇಜು ಸುಮ್ನೆ ಬಿಟ್ಟರೆ ಸಾಲುಗಳನ್ನು (ಒಂದು ಸ್ಕ್ಯಾನಿಗೆ ಒಂದು ಸಾಲು) ಮನಬಂದಂತೆ ಹತ್ತು ಪಾಲು ಮಾಡುತ್ತದೆ. ಆಗ ಒಂದು ಸ್ಕ್ಯಾನ್ ಕಲಿಯುವ ಕಡೆ, ಅದೇ ಬಾಟಲಿಯ ಇನ್ನೊಂದು ಪರೀಕ್ಷೆಯ ಕಡೆ. ದೋಷ ಕಡಿಮೆ ಕಾಣುತ್ತದೆ, ಅದು ಸುಳ್ಳು. ಒಂದು ಬಾಟಲಿಯ ಸಾಲುಗಳೆಲ್ಲ ಒಂದೇ ಪಾಲಿನಲ್ಲಿ ಇರುವಂತೆ ಪಟ್ಟಿ ಮಾಡಿ ಕೊಡಬಹುದು. ಸೌಲಭ್ಯ ಇದೆ, ಆದರೆ ಹೊಸಬರ ಕಣ್ಣಿಗೆ ಬೀಳುವ ಹಾಗಿಲ್ಲ.

ಮಿಲ್ಲಿನವರು ಕೇಳುತ್ತಾರೆ, ‘ಮೇಡಂ, ನಮ್ಮ ಎಣ್ಣೆ ಶುದ್ಧ ಅಂತ ಬರೆದುಕೊಡಿ.’ ಮಾಡೆಲ್ ಅದನ್ನು ಹೇಳಲಾರದು. ಇದುವರೆಗೆ ನಾವು ಕೊಟ್ಟ ಸ್ಯಾಂಪಲ್‌ಗಳ ಹಾಗೆ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಬೇರೆ ಊರಿನ, ಬೇರೆ ಥರ ಒಣಗಿಸಿದ ಕೊಬ್ಬರಿಯ ಎಣ್ಣೆ ಬಂದರೆ ಅದೂ ಆಚೆ ಬೀಳಬಹುದು. ಆಚೆ ಬಿದ್ದದ್ದನ್ನು ಕಲಬೆರಕೆ ಅನ್ನದೆ ಮರುಪರೀಕ್ಷೆಗೆ ಇಡಬೇಕು. ಒಬ್ಬರ ವ್ಯಾಪಾರದ ಪ್ರಶ್ನೆ ಇದು.

ಎಕ್ಸೆಲ್ ಮಾತ್ರ ಗೊತ್ತಿದ್ದವರಿಗೆ ಮೊದಮೊದಲು ಕಷ್ಟವೇ. ಕನ್ನಡದಲ್ಲಿ ಒಂದು ಕೈಪಿಡಿ ಇದ್ದಿದ್ದರೆ ನಮ್ಮ ಎಷ್ಟೋ ಹುಡುಗರು ಬೇಗ ಕಲಿಯುತ್ತಿದ್ದರು. ಪ್ಯಾಕೇಜಿನ ಜೊತೆಗೇ ಪೆಟ್ರೋಲ್‌ನ ದತ್ತಾಂಶ ಬರುತ್ತದೆ: 60 ಸ್ಯಾಂಪಲ್, ಒಂದೊಂದಕ್ಕೂ 401 ತರಂಗಾಂತರ, ಜೊತೆಗೆ ಆಕ್ಟೇನ್ ಸಂಖ್ಯೆ (ಪೆಟ್ರೋಲಿನ ಗುಣಮಟ್ಟದ ಒಂದು ಅಳತೆ). ಮೊದಲು ಅದನ್ನೇ ಓಡಿಸಿ. ಕಾಂಪೊನೆಂಟ್ (ಅಳತೆಗಳನ್ನು ಕೂಡಿಸಿ ಮಾಡೆಲ್ ಮಾಡಿಕೊಳ್ಳುವ ಹೊಸ ಅಂಶ) ಹೆಚ್ಚಿಸಿದಂತೆ ದೋಷ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ನಿಮ್ಮ ಎಣ್ಣೆಯ ಫೈಲ್ ತೆರೆಯಿರಿ.