ದೆವ್ವ ಬಂದರೆ ಯಾರೂ ಬೆಚ್ಚಿಬೀಳದ ಕಥೆಗಳು

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ಹೋಗುತ್ತಿದ್ದಳು. ಪಾತ್ರೆಗಳ ಮುಚ್ಚಳ ತೆಗೆದು, "ಇಷ್ಟೇನಾ ಸಾರು?" ಅಂತ ಕೇಳುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷ ಆಯಿತು. ಜಪಾನಿ ಲೇಖಕಿ ಅಓಕೊ ಮತ್ಸುದಾ ಅವರ 'ವೇರ್ ದ ವೈಲ್ಡ್ ಲೇಡೀಸ್ ಆರ್' ಪುಸ್ತಕದ ಮೊದಲ ಕಥೆ ಓದುವಾಗ ಕಣ್ಣ ಮುಂದೆ ಬಂದವಳು ಅವಳೇ.

ಆ ಕಥೆಯಲ್ಲಿ ಒಬ್ಬ ಹುಡುಗಿ. ಪ್ರೀತಿಸಿದವನು ಬಿಟ್ಟು ಹೋಗಿದ್ದಾನೆ. ಮೈಮೇಲಿನ ಕೂದಲೆಲ್ಲ ತೆಗೆಸಿಕೊಂಡು ಚೆಂದ ಆದರೆ ಎಲ್ಲಾ ಸರಿಹೋಗುತ್ತದೆ ಅಂತ ಪಾರ್ಲರ್‌ಗೆ ಓಡಾಡುತ್ತಿದ್ದಾಳೆ. ಆಗ ಅವಳ ಓಬಾಚಾನ್, ಅಂದರೆ ದೊಡ್ಡಮ್ಮನಂಥವಳು, ಮನೆಗೆ ಬರುತ್ತಾಳೆ. ಬಂದವಳೇ ಬೈಯೋಕೆ ಶುರು. ಆ ಕೂದಲಲ್ಲೇ ನಿನ್ನ ಶಕ್ತಿ ಇರೋದು, ಅದನ್ನು ಯಾಕೆ ಕಳೆದುಕೊಳ್ಳುತ್ತೀಯ ಅಂತ. ಈ ಓಬಾಚಾನ್ ನೇಣು ಹಾಕಿಕೊಂಡು ಸತ್ತು ಒಂದು ವರ್ಷ ಆಗಿದೆ. ಆದರೂ ಮಾತು ನಿಲ್ಲುವುದಿಲ್ಲ. ಹುಡುಗಿ ಕಿರುಚಿಕೊಳ್ಳುವುದೂ ಇಲ್ಲ.

ಓಬಾಚಾನ್ ಅಂದರೆ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ, ಪಕ್ಕದ ಮನೆ ಆಂಟಿ, ಎಲ್ಲರೂ ಹೌದು. ಪುಸ್ತಕದ ಜಪಾನಿ ಹೆಸರಿನಲ್ಲೂ ಈ ಪದವೇ ಇದೆ: 'ಓಬಾಚಾನ್‌ಗಳು ಇರುವ ಜಾಗ' ಎಂಬ ಅರ್ಥದ ಹೆಸರು. ನಾನಂತೂ ದೊಡ್ಡಮ್ಮ ಅಂತಲೇ ಓದಿಕೊಂಡೆ.

ಜಪಾನಿನಲ್ಲಿ ಇದು ಬಂದದ್ದು 2016ರಲ್ಲಿ. ಪಾಲಿ ಬಾರ್ಟನ್ ಮಾಡಿದ ಇಂಗ್ಲಿಷ್ ಅನುವಾದ 2020ರಲ್ಲಿ ಬಂತು. 2021ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯೂ ಸಿಕ್ಕಿತು. ಒಟ್ಟು 17 ಕಥೆಗಳು. ಬಹುತೇಕ ಎಲ್ಲದರ ಹಿಂದೆಯೂ ಒಂದು ಹಳೆಯ ದೆವ್ವದ ಕಥೆ ಇದೆ. ಕಬುಕಿ ಎಂಬ ಜಪಾನಿನ ಹಳೆಯ ನಾಟಕದ್ದು, ಒಬ್ಬನೇ ಕೂತು ಹೇಳುವ ರಾಕುಗೋ ಕಥೆಗಾರರದ್ದು, ಇಲ್ಲವೇ ಜನಪದದ್ದು.

ದಿನನಿತ್ಯದ ಬದುಕಿನೊಳಗೆ ಅಸಾಧ್ಯವಾದದ್ದೂ ಸಹಜವಾಗಿ ನಡೆಯುವ ಇಂಥ ಕಥೆಗಳಿಗೆ ಮ್ಯಾಜಿಕಲ್ ರಿಯಲಿಸಂ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ನನ್ನನ್ನು ಹಿಡಿದಿಟ್ಟದ್ದು ಒಂದೇ ವಿಷಯ. ಇಲ್ಲಿ ದೆವ್ವಗಳಿಗೆ ಕೆಲಸ ಇದೆ. ಹೆದರಿಸುವುದು ಅವುಗಳ ಕೆಲಸ ಅಲ್ಲ.

ಹಳೆಯ 'ಬೋತಾನ್ ದೋರೋ' ಕಥೆಯಲ್ಲಿ ಸತ್ತ ಹೆಣ್ಣು ಲಾಟೀನು ಹಿಡಿದು ರಾತ್ರಿ ತನ್ನ ಪ್ರಿಯನ ಮನೆಗೆ ಬರುತ್ತಾಳೆ. ಅವಳು ಒಳಗೆ ಬರದಿರಲಿ ಅಂತ ಮನೆಗೆ ಮಂತ್ರದ ಚೀಟಿ ಅಂಟಿಸುತ್ತಾರೆ. ಇದನ್ನು ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಅಂತ ಬರೆದಿದ್ದರು. ಅಲ್ಲೂ ಹೊರಗೆ ನಿಂತವಳು ಹೆಣ್ಣೇ, ಅಲ್ವಾ? ಅವಳಿಗೆ ಏನು ಬೇಕಿತ್ತು ಅಂತ ಯಾರೂ ಕೇಳಲಿಲ್ಲ. ಮತ್ಸುದಾ ಕೇಳುತ್ತಾರೆ. ಅವರ ಕಥೆಯಲ್ಲಿ ಪಿತೃಗಳು ಮನೆಗೆ ಬರುವ ಒಬೋನ್ ಹಬ್ಬದ ಹೊತ್ತಿಗೆ, ಕೆಲಸ ಕಳೆದುಕೊಂಡ ಒಬ್ಬ ಗಂಡಸಿನ ಮನೆಗೆ ಇಬ್ಬರು ಹೆಂಗಸರು ಬರುತ್ತಾರೆ. ಬಂದಿರುವುದು ಲಾಟೀನು ಮಾರೋದಕ್ಕೆ! ತಮ್ಮ ದುಃಖದ ಕಥೆಯನ್ನೂ ಹೇಳುತ್ತಾರೆ, ಮಾಲನ್ನೂ ತೋರಿಸುತ್ತಾರೆ. ಜೋರಾಗಿ ನಕ್ಕೆ. ನಗುತ್ತಲೇ ಗಂಟಲು ಕಟ್ಟಿತು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ವಾಟ್ ಶೀ ಕ್ಯಾನ್ ಡೂ'. ತುಂಬಾ ಚಿಕ್ಕ ಕಥೆ. ಅದರ ಮೂಲದಲ್ಲಿ ಬಸುರಿಯಾಗಿದ್ದಾಗಲೇ ಸತ್ತವಳು ಗೋರಿಯೊಳಗೆ ಮಗು ಹೆರುತ್ತಾಳೆ. ಮಗುವಿಗಾಗಿ ದಿನಾ ರಾತ್ರಿ ಮಿಠಾಯಿ ಕೊಳ್ಳಲು ಅಂಗಡಿಗೆ ಬರುತ್ತಾಳೆ. ಕ್ಯೋಟೋದಲ್ಲಿ ಒಂದು ಅಂಗಡಿ ಇವತ್ತಿಗೂ ಆ ಹೆಸರಿನಲ್ಲೇ ಮಿಠಾಯಿ ಮಾರುತ್ತದೆ. ಮತ್ಸುದಾ ಅವರ ಕಥೆಯಲ್ಲಿ ಒಬ್ಬಂಟಿ ತಾಯಿ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲೇಬೇಕು. ಊರೆಲ್ಲ ಅವಳನ್ನು ದೂರುವಾಗ, ಸದ್ದಿಲ್ಲದೆ ಬಂದು ಮಗುವನ್ನು ನೋಡಿಕೊಳ್ಳುವುದು ಒಂದು ದೆವ್ವ. ನನ್ನ ಮಗಳು ಎರಡು ವರ್ಷದವಳಿದ್ದಾಗ ನಾನು ಬಸ್ಸಿನಲ್ಲಿ ಕೂತು ಎಷ್ಟು ಅತ್ತಿದ್ದೇನೆ ಅಂತ ನನಗೊಬ್ಬಳಿಗೇ ಗೊತ್ತು. ಈ ಕಥೆಯನ್ನು ನಾಲ್ಕು ಸಲ ಓದಿದೆ.

ಎಲ್ಲಾ ಕಥೆಗಳೂ ಹೀಗಿಲ್ಲ. ಕೆಲವು ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆ, ರುಚಿ ಹತ್ತುವಷ್ಟರಲ್ಲಿ ತಟ್ಟೆ ಖಾಲಿ. ಬೇರೆ ಬೇರೆ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಕಂಪನಿ ಮತ್ತು ಅಲ್ಲಿನ ತೇಯಿ ಎಂಬಾತ ಕಥೆಗಳನ್ನು ಒಂದಕ್ಕೊಂದು ಹೊಸೆಯುತ್ತಾರೆ. ಆ ದಾರ ಹಿಡಿಯಲು ನನಗೆ ಎರಡನೇ ಓದು ಬೇಕಾಯಿತು. ಮೂಲ ಕಥೆ ಗೊತ್ತಿಲ್ಲದಿದ್ದರೆ ಕೆಲವು ಕಡೆ ಅರ್ಧ ಸ್ವಾದ ಹೋಗುತ್ತದೆ. ಹಾಗಾಗಿ ಪ್ರತಿ ಕಥೆಗೂ ಮೊದಲು ಅದರ ಮೂಲದ ಬಗ್ಗೆ ನಾಲ್ಕು ಸಾಲು ಹುಡುಕಿ ಓದಿಕೊಳ್ಳಿ. ನಾನು ಅರ್ಧ ಪುಸ್ತಕ ಆದಮೇಲೆ ಹಾಗೆ ಮಾಡಿದೆ, ಮೊದಲೇ ಮಾಡಬೇಕಿತ್ತು.

ಇಂಗ್ಲಿಷ್ ಸಲೀಸಾಗಿದೆ. ಇಂಗ್ಲಿಷ್ ಪುಸ್ತಕ ಜಾಸ್ತಿ ಓದದವರಿಗೂ ಕಷ್ಟ ಆಗುವುದಿಲ್ಲ. ನದಿಯಲ್ಲಿ ಗಾಳ ಹಾಕಿದಾಗ ಅಸ್ಥಿಪಂಜರ ಸಿಕ್ಕಿ, ಅದೇ ಹೆಣ್ಣಾಗಿ ರಾತ್ರಿ ಮನೆಗೆ ಬರುವ ಪ್ರೇಮಕಥೆಯೂ ಇದರಲ್ಲಿದೆ. ಅದನ್ನು ಒಬ್ಬರೇ ಇರುವಾಗ, ನಿಧಾನವಾಗಿ ಓದಿ.

ನನ್ನ ಪ್ರತಿಯನ್ನು ದೊಡ್ಡಮ್ಮನ ಮಗಳಿಗೆ ಕೊಟ್ಟಿದ್ದೆ. ಮೊದಲ ಕಥೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಮೂರು ವರ್ಷದಿಂದ ನಾವಿಬ್ಬರೂ ಅವಳ ಅಮ್ಮನ ಸುದ್ದಿ ಎತ್ತಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವತ್ತು ಒಂದು ಗಂಟೆ ಮಾತಾಡಿದೆವು. "ಅಮ್ಮ ಬಂದರೆ ಮೊದಲು ಫ್ರಿಜ್ ತೆಗೆದು ನೋಡುತ್ತಾಳೆ ಕಣೇ" ಅಂದಳು. ಪುಸ್ತಕ ವಾಪಸ್ ಕೊಡಲ್ಲವಂತೆ. ನಾನು ಇನ್ನೊಂದು ಪ್ರತಿ ತರಿಸಿಕೊಂಡಿದ್ದೇನೆ.